ಇಪ್ಪತ್ತೆರಡು ಚೀಲ ತಂದ ರೈತಗ ಹದಿನಾಲ್ಕು ಚೀಲದ ಪಟ್ಟಿ, ನಮ್ಮ ಟೆಸ್ಟು ಮಾತ್ರ ಎಲ್ಲಾ ಪಾಸ್

ಸೋಮವಾರ ಮತ್ತ ಗುರುವಾರ ಅಂದ್ರ ಬ್ಯಾಡಗಿ ಪ್ಯಾಟ್ಯಾಗ ಮೆಣಸಿನಕಾಯಿ ಟೆಂಡರ್, ಆ ಎರಡು ದಿನ ಹುಬ್ಬಳ್ಳಿಯ ನಮ್ಮ ಆಫೀಸ್ನ್ಯಾಗ ಯಾರೂ ಫೋನ್ ಸೈಲೆಂಟ್ ಇಡಂಗಿಲ್ಲ. ನಾವು ನಾಕೇ ಮಂದಿ, ಗೋಕುಲ ರೋಡ್ ಕಡೆ ಒಂದು ಅಂಗಡಿ ಮ್ಯಾಲಿನ ಮಾಳಗಿ, ಕೆಲಸ ಅಂದ್ರ ದಲಾಲಿ ಅಂಗಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡೂದು. ರೈತ ಮಾಲು ಇಳಿಸಿದ ಕೂಡ್ಲೆ ಲಾಟ್ (ಒಮ್ಮೆಲೇ ಮಾರೋ ಚೀಲದ ಗುಂಪು) ಎಂಟ್ರಿ, ಟೆಂಡರ್‌ದಾಗ ಯಾರಿಗೆ ಎಷ್ಟಕ್ಕ ಹೋತು ಅಂತ ರೇಟು, ತೂಕ, ಚೀಲದ ತೂಕ ಕಳಿಯೂದು, ಹಮಾಲಿ ಕಳಿಯೂದು, ಕಡೀಕ ರೈತನ ಕೈಯಾಗ ಪಟ್ಟಿ, ಅಂದ್ರ ಮಾರಾಟದ ಲೆಕ್ಕದ ಚೀಟಿ. ಇಷ್ಟ. ಕೇಳಾಕ ಸರಳ ಐತಿ, ಆದ್ರ ಆ ಪಟ್ಟಿ ಒಂದು ಸಾಲು ತಪ್ಪಿದ್ರ ಒಬ್ಬ ಮನಷ್ಯಾನ ಇಡೀ ವರ್ಷದ ದುಡಿಮಿ ತಪ್ಪತೈತಿ.

ಅಂತಾ ಒಂದು ಟೆಂಡರ್ ದಿನ ಸಂಜಿ ಆರೂವರಿಗೆ ಒಂದು ದಲಾಲಿ ಅಂಗಡಿಯ ಲೆಕ್ಕ ಬರಿಯೂ ದಿವಾನಜಿ ಫೋನ್ ಬಂತು. ಸಾವಕಾರ್ರು ಮಾಡಿದ್ರ ಬೈಗಳ, ದಿವಾನಜಿ ಮಾಡಿದ್ರ ನಿಜವಾಗ್ಲೂ ಏನೋ ಆಗೈತಿ ಅಂತ ಅರ್ಥ. "ತಮ್ಮಾ, ನಿಮ್ಮ ಕಂಪ್ಯೂಟರಿಗೆ ಎಂಟು ಚೀಲ ಕಾಣವಲ್ವು ನೋಡ್ರಿ" ಅಂದ್ರು. ನಾ ಏನ್ರೀ ಅಂದೆ. ಶಿರಹಟ್ಟಿ ಕಡಿ ರೈತ ಒಬ್ಬ ಇಪ್ಪತ್ತೆರಡು ಚೀಲ ತಂದಾನ, ಮೂರು ಲಾಟ್, ಪಟ್ಟಿ ಕೈಗೆ ಕೊಟ್ಟ ಕೂಡ್ಲೆ ರೊಕ್ಕ ನೋಡ್ಲೇ ಇಲ್ಲಂತ, ಚೀಲದ ಕಾಲಂ ಮ್ಯಾಲೆ ಬೆರಳಿಟ್ಟು ಕೂಡಿಸ್ಯಾನ, ಹದಿನಾಲ್ಕು ಬಂದೈತಿ, "ಇನ್ನ ಎಂಟು ಯಾರ ಮನ್ಯಾಗ ಅದಾವ್ರಿ?" ಅಂತ ಕೇಳ್ಯಾನ. ದಿವಾನಜಿ ಹಳೇ ಪದ್ಧತಿ ಮನಷ್ಯಾ, ಬಗಲಾಗ ಕೈಬರಹದ ವಹಿನೂ ಇಟ್ಟಿರ್ತಾರ, ಅದರಾಗ ನೋಡಿ ಸರಿ ಪಟ್ಟಿ ಕೈಲೇ ಬರದು, ಚಾ ಕುಡಿಸಿ, ರೊಕ್ಕ ಕೊಟ್ಟು ಕಳಿಸ್ಯಾರ. ನಮ್ಮ ಮಾನ ಉಳಿಸಿದ್ದು ಆ ವಹಿ, ಸಾಫ್ಟ್‌ವೇರ್ ಅಲ್ಲ.

ಲೆಕ್ಕ ಹಿಂಗಿತ್ತು. ಮೊದಲನೇ ಲಾಟ್ 10 ಚೀಲ, ನಿವ್ವಳ 415.5 ಕೆಜಿ, ಕ್ವಿಂಟಲ್‌ಗೆ 18,500, ಅಂದ್ರ 76,867.50. ಎರಡನೇದು 8 ಚೀಲ, 330.2 ಕೆಜಿ, 16,200ಕ್ಕ, 53,492.40. ಮೂರನೇದು 4 ಚೀಲ, 159.7 ಕೆಜಿ, ಅದೂ 16,200ಕ್ಕ, 25,871.40. ಎಲ್ಲಾ ಕೂಡಿ 1,56,231.30 ಬರಬೇಕು, ಹಮಾಲಿ ಗಿಮಾಲಿ ಕಳಿಯೂಕಿಂತ ಮೊದಲು. ನಮ್ಮ ಪಟ್ಟಿಯಾಗ ಬಂದಿದ್ದು 1,02,738.90. ನಡುವಿನ ಲಾಟೇ ಮಾಯ. ಎರಡನೇದು ಮೂರನೇದು ಎರಡೂ ಒಬ್ಬನೇ ಖರೀದಿದಾರ ಒಂದೇ ರೇಟಿಗೆ ಹಿಡದಿದ್ದ, ಅದೇ ಕುತ್ತಿಗಿಗೆ ಬಂತು.

ಬಗ್ ಹುಡುಕೂದು ಹತ್ತು ಮಿನಿಟಿನ ಕೆಲಸ ಆತು. ಹಿಂದಿನ ಶನಿವಾರ ಒಂದು ಅಪ್‌ಡೇಟ್ ಕಳಿಸಿದ್ವಿ, ಖರೀದಿದಾರಗ ಬಿಲ್ ಮಾಡಾಕ ಅನುಕೂಲ ಆಗ್ಲಿ ಅಂತ ಲಾಟ್‌ಗಳ್ನ ಲಿಸ್ಟ್ ಬದ್ಲಿ ಡಿಕ್ಷನರಿಯಾಗ (ಒಂದು ಕೀಗೆ ಒಂದೇ ಮಾಲು ಹಿಡಿಯೋ ಕಪಾಟು ಅನ್ರಿ) ಇಡಾಕ ಶುರು ಮಾಡಿದ್ವಿ, ಕೀ ಅಂದ್ರ ಖರೀದಿದಾರನ ನಂಬರ್ ಮತ್ತ ರೇಟು. ಎರಡು ಲಾಟ್‌ಗೆ ಅದೇ ಕೀ ಬಂದ್ರ ಆಮ್ಯಾಲೆ ಬಂದಿದ್ದು ಮೊದಲಿಂದ್ನ ಅಳಿಸಿ ಕೂತ್ಕೊಂತೈತಿ. ಎಂತಾ ಹೊಸಬನೂ ಹಿಡೀಬೇಕಾದ ತಪ್ಪು, ಅದರ ಬಗ್ಗೆ ಇನ್ನೇನೂ ಹೇಳೂದಿಲ್ಲ.

ನಿದ್ದಿ ಕೆಡಿಸಿದ್ದು ಬ್ಯಾರೆ ಮಾತು. ಪಟ್ಟಿಗೆ ಅಂತನ 61 ಯುನಿಟ್ ಟೆಸ್ಟ್ ಇದ್ವು, ಅಂದ್ರ ಕೋಡಿನ ಒಂದೊಂದು ತುಣುಕು ಸರಿ ಉತ್ತರ ಕೊಡತೈತೇನು ಅಂತ ನೋಡೋ ಸಣ್ಣ ಸಣ್ಣ ಪ್ರೋಗ್ರಾಂ. ಅದರಾಗ ಒಂದು ಟೆಸ್ಟಿನ ಹೆಸರೇ "ಒಬ್ಬ ಖರೀದಿದಾರ ಒಂದೇ ರೇಟಿಗೆ ಎರಡು ಲಾಟ್ ಹಿಡದ್ರ" ಅಂತ. ಬಿವಿಬಿ ಇಂಜಿನಿಯರಿಂಗ್ ಕಾಲೇಜ್ ಮುಗಿಸಿ ನಮ್ಮಲ್ಲಿ ಸೇರಿದ ಹುಡುಗಿ ಒಂದು ವರ್ಷದ ಹಿಂದೆ ಬರದಿಟ್ಟಿದ್ದು. ಅಂದ್ರ ಈ ಪರಿಸ್ಥಿತಿ ಬರತೈತಿ ಅಂತ ಮೊದಲೇ ಯೋಚನೆ ಮಾಡಿದವರೂ ಇದ್ರು, ಟೆಸ್ಟೂ ಇತ್ತು, ಶನಿವಾರ ಅದು ಓಡಿತ್ತು, ಹಸರು ಬಂದಿತ್ತು, ಅಂದ್ರ ಪಾಸ್ (ಫೇಲಾದ್ರ ಕೆಂಪು). ನಾವು ಆ ಹಸರು ನೋಡೇ ಕಳಿಸಿದ್ವಿ.

ನಾ ನಂಬ್ಲಿಲ್ಲ. ಆ ರೈತನ ಮೂರೂ ಲಾಟಿನ ಅಂಕಿ ಹಂಗ ಟೈಪ್ ಮಾಡಿ ಹೊಸ ಟೆಸ್ಟ್ ಬರದೆ, ಮೂರು ಸಾಲು ಬರಬೇಕು ಇಂತಿಂತಾ ಮೊತ್ತ ಬರಬೇಕು ಅಂತ. ಕೋಡ್‌ದಾಗ ಬಗ್ ಹಂಗ ಇತ್ತು, ಇನ್ನ ಮುಟ್ಟಿದ್ದಿಲ್ಲ. ರನ್ ಕೊಟ್ಟೆ. ಪಾಸ್! ಆ ಹುಡುಗಿ ಹಿಂದ ನಿಂತಿದ್ಲು, "ಅಣ್ಣಾ, ಇನ್ನೊಮ್ಮೆ ಓಡಸ್ರಿ" ಅಂದ್ಲು. ಮತ್ತ ಪಾಸ್. ಮೊತ್ತದ ಜಾಗದಾಗ ಬೇಕಂತನ 7 ಅಂತ ಬರದೆ, ಬರೇ ಏಳು ರೂಪಾಯಿ. ಅದೂ ಪಾಸ್. ಆವಾಗ ಕೈ ಕಾಲು ತಣ್ಣಗಾದ್ವು, ಯಾಕಂದ್ರ ಇದು ಈ ಒಂದು ಬಗ್ಗಿನ ಮಾತಲ್ಲ, ವರ್ಷಗಟ್ಲೆ ಆ 61 ಟೆಸ್ಟು ಏನು ನೋಡ್ತಿದ್ವು ಅನ್ನೂದ ಗೊತ್ತಿಲ್ಲದಂಗಾತು.

ಎಲ್ಲಾ ಟೆಸ್ಟೂ ಕಡೀಕ ಒಂದೇ ಹೆಲ್ಪರ್ ಕರೀತಿದ್ವು. ಹೆಲ್ಪರ್ ಅಂದ್ರ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೀನಿ. ಟೆಸ್ಟ್ ಬರಿಯೂವಾಗ ಕಡೀಕ ಬಂದ ಉತ್ತರ ಸರಿ ಐತೇನು ಅಂತ ಕೇಳೋ ಸಾಲಿಗೆ ಅಸರ್ಷನ್ ಅಂತಾರ. ನಮ್ಮ ಪಟ್ಟಿಯಂತಾದ್ರಾಗ ಖರೀದಿದಾರ, ರೇಟು, ಚೀಲ, ತೂಕ, ಮೊತ್ತ ಅಂತ ಪ್ರತಿ ಸಾಲಿಗೂ ಐದೈದು ಕೇಳಬೇಕು, ಅದ್ನ 61 ಸಲ ಬರಿಯೂಕಿಂತ ಒಂದು ಫಂಕ್ಷನ್ ಮಾಡಿ, ಬಂದ ಪಟ್ಟಿ ಇದು, ಬರಬೇಕಾಗಿದ್ದು ಇದು, ನೋಡಿ ಹೇಳಪ್ಪಾ ಅಂತ ಕೊಟ್ರ ಅದೇ ಎಲ್ಲಾ ಹೋಲಿಸತೈತಿ. ಚಲೋ ವಿಚಾರನ. ಈಗೂ ಚಲೋ ಅಂತನ ಅಂತೀನಿ. ಆದ್ರ ಆ ಒಂದು ಫಂಕ್ಷನ್ ಕುರುಡಾದ್ರ 61 ಟೆಸ್ಟೂ ಒಮ್ಮೆಲೇ ಕುರುಡ.

ಫೈಲ್ ತಗದ್ವಿ. ಯಾವ ಸಾಲು ಯಾರು ಬರದ್ರು ಅಂತ ತೋರಿಸೋ ಗಿಟ್ ಬ್ಲೇಮ್ ಹಾಕಿದ್ರ ಮುಕ್ಕಾಲು ಸಾಲು ನನ್ನ ಹೆಸರಿನ್ವು, ಸುಳ್ಳು ಯಾಕ ಹೇಳ್ಲಿ.

ಮೊದಲನೇ ತೂತು ಜಿಪ್. ನಮ್ಮ ಕೋಡ್ ಪೈಥಾನ್ ಭಾಷಾದಾಗ ಐತಿ. ಬಂದ ಸಾಲು, ಬರಬೇಕಾದ ಸಾಲು ಎರಡನ್ನೂ ಜೋಡಿ ಮಾಡಿ ಒಂದೊಂದೇ ಹೋಲಿಸಾಕ ಪೈಥಾನ್‌ದ ಜಿಪ್ ಬಳಸಿದ್ದೆ. ಜಿಪ್ ಎರಡರಾಗ ಯಾವ್ದು ಸಣ್ಣದೋ ಅದು ಮುಗದ ಕೂಡ್ಲೆ ಸುಮ್ನ ನಿಂತ್ಕೊಂತೈತಿ, ಉಳದವ್ನ ಕೇಳಂಗಿಲ್ಲ. ಬಂದಿದ್ದು ಎರಡು ಸಾಲು, ಬರಬೇಕಾಗಿದ್ದು ಮೂರು, ಎರಡು ಜೋಡಿ ನೋಡ್ತು, ಮೂರನೇದ್ನ ಬಿಟ್ಟಬಿಡ್ತು. ಇನ್ನೂ ಮಜಾ ಅಂದ್ರ ಪಟ್ಟಿ ಪೂರಾ ಖಾಲಿ ಬಂದ್ರೂ ಲೂಪ್ ಒಳಗ ಒಮ್ಮೆನೂ ಹೋಗಂಗಿಲ್ಲ, ಏನೂ ತಪ್ಪು ಸಿಗಂಗಿಲ್ಲ, ಪಾಸ್.

ಆದ್ರ ಜಿಪ್ ಒಂದರಿಂದ ಇದು ಪಾಸ್ ಆಗಬಾರದಿತ್ತು, ಇಲ್ಲಿ ಸ್ವಲ್ಪ ತಾಳ್ಮಿಯಿಂದ ನೋಡ್ರಿ. ಡಿಕ್ಷನರಿಯಾಗ ಎರಡನೇ ಲಾಟಿನ ಜಾಗ ಹಂಗ ಇರತೈತಿ, ಒಳಗಿನ ಮಾಲು ಮಾತ್ರ ಮೂರನೇ ಲಾಟಿಂದು. ಅಂದ್ರ ಎರಡನೇ ಜೋಡಿಯಾಗ ಒಂದು ಕಡೆ 25,871.40, ಇನ್ನೊಂದು ಕಡೆ 53,492.40. ಎದುರಾ ಬದುರಾ ನಿಂತಾವು, ಹೊಂದಂಗಿಲ್ಲ. ಖರೀದಿದಾರ ಮತ್ತ ರೇಟು ಎರಡನ್ನೂ ನೆಟ್ಟಗ, ಎರಡು ಬೆಲೆ ಒಂದೇ ಏನು ಅಂತ ನೋಡೋ ಅಸರ್ಟ್‌ಈಕ್ವಲ್ ಹಾಕಿ ಹೋಲಿಸಿತ್ತು, ಅವೆರಡೂ ಎರಡು ಲಾಟಿಗೂ ಒಂದೇ, ಹಂಗಾಗಿ ಪಾಸಾದ್ವು. ಎರಡನೇ ತೂತು ಇಲ್ಲೈತಿ, ಚೀಲ, ತೂಕ, ಮೊತ್ತ ಮೂರಕ್ಕೂ ಹಾಕಿದ್ದು ಅಸರ್ಟ್‌ಟ್ರೂ. ಒಳಗ ಎರಡು ಬೆಲೆ, ನಡುವ ಒಂದು ಕಮಾ.

ಅಸರ್ಟ್‌ಟ್ರೂ ಎರಡನ್ನ ಹೋಲಿಸೂದಲ್ಲ. ಮೊದಲನೇದು ನಿಜ ಏನು ಅಂತಷ್ಟ ನೋಡತೈತಿ, ಎರಡನೇದು ಫೇಲಾದ್ರ ತೋರಿಸಬೇಕಾದ ಮೆಸೇಜ್. ಪೈಥಾನ್‌ದಾಗ ಸೊನ್ನಿ ಬಿಟ್ಟು ಯಾವ ಅಂಕಿ ಕೊಟ್ರೂ ನಿಜಾನ. 25,871.40 ಅನ್ನೂದು ನಿಜ ಏನಪಾ ಅಂದ್ರ ಹೌದ್ರಿ ಅಂತೈತಿ, ಮುಗೀತು. 53,492.40 ಅನ್ನೂದ್ನ ಅದು ಮೆಸೇಜ್ ಅಂತ ತಿಳಕೊಂಡು ಕಿಸೇದಾಗ ಇಟ್ಕೊಂಡೈತಿ. ನಾ ಮೊದಲು ಜಾವಾ ಭಾಷಾದಾಗ ಕೆಲಸ ಮಾಡಿದಾಂವ, ಅಲ್ಲಿಯ ಟೆಸ್ಟ್ ಸಾಧನ ಜೆಯುನಿಟ್‌ನ್ಯಾಗ ಹಿಂಗ ಎರಡು ಅಂಕಿ ಕೊಟ್ರ ಕಂಪೈಲೇ ಆಗಂಗಿಲ್ಲ, ಒಂದು ಬೂಲಿಯನ್ (ನಿಜ ಇಲ್ಲಾ ಸುಳ್ಳು) ಬೇಕೇ ಬೇಕು ಅಂತ ಅಲ್ಲೇ ತಡೀತೈತಿ. ಪೈಥಾನ್‌ದ ಯುನಿಟ್‌ಟೆಸ್ಟ್ ಜೆಯುನಿಟ್ ನೋಡೇ ಮಾಡಿದ್ದು, ಹೆಸರೂ ಹಂಗ ಕ್ಯಾಮೆಲ್‌ಕೇಸ್‌ನ್ಯಾಗ ಅದಾವು, ಹೆಸರು ಒಂದೇ ಅಂತ ಕಾವಲೂ ಒಂದೇ ಇರತೈತಿ ಅಂತ ನನ್ನ ಕೈ ನಂಬಿಬಿಟ್ಟಿತ್ತು.

ಅದು ಹೆಂಗ ಬಂತು ಅಂತ ಕಮಿಟ್ ಹಿಸ್ಟರಿ (ಕೋಡ್ ಬದಲಾವಣಿಗಳ ದಾಖಲಿ) ನೋಡಿದ್ವಿ. ಮೊದಲು ಅಲ್ಲಿ ಅಸರ್ಟ್‌ಈಕ್ವಲ್ಲೇ ಇತ್ತು. ಆವಾಗ ತೂಕ ರೇಟು ಎಲ್ಲಾ, ದಶಾಂಶನ ಅಂದಾಜಿನ್ಯಾಗ ಹಿಡಿಯೋ ಫ್ಲೋಟ್‌ನ್ಯಾಗ ಇಡ್ತಿದ್ವಿ, ಫ್ಲೋಟಿನ ಗೋಳು ಎಲ್ಲಾರಿಗೂ ಗೊತ್ತಿದ್ದದ್ದ, 0.1ಕ್ಕ 0.2 ಕೂಡಿಸಿದ್ರ 0.30000000000000004 ಬರತೈತಿ. ಪೈಸೆ ಬಾಲ ಹೊಂದವಲ್ದು ಅಂತ ಟೆಸ್ಟು ಸುಮ್ಸುಮ್ನ ಕೆಂಪಾಗ್ತಿದ್ವು. ಒಂದಿನ ಸಂಜಿ ಬ್ಯಾಸತ್ತು, ಎರಡರ ವ್ಯತ್ಯಾಸ ಒಂದು ಪೈಸೆಕಿಂತ ಕಡಿಮಿ ಐತೇನು ಅಂತ ಅಸರ್ಟ್‌ಟ್ರೂ ಒಳಗ ಬರಿಬೇಕು ಅಂತ ಕೂತೀನಿ, ಅಸರ್ಟ್‌ಈಕ್ವಲ್ ಅಳಿಸಿ ಅಸರ್ಟ್‌ಟ್ರೂ ಅಂತ ಹಾಕೀನಿ, ಒಳಗಿನ ಕಮಾ ತಗದು ಮೈನಸ್ ಹಾಕೂದು ಬಾಕಿ ಇದ್ದಾಗ ಸೇವ್ ಆಗೈತಿ, ಬಗಲಾಗ ಟೆಸ್ಟ್ ತಾನ ಓಡಿ ಎಲ್ಲಾ ಹಸರಾಗ್ಯಾವು, ನಾ ಮುಗೀತು ಅಂತ ಲ್ಯಾಪ್‌ಟಾಪ್ ಮುಚ್ಚಿ ಗಿರ್ಮಿಟ್ ತಿನ್ನಾಕ ಹೋಗಿರಬೇಕು. ಕಮಿಟ್ ಮೆಸೇಜ್ ಏನಂದ್ರ, "ಟೆಸ್ಟ್ ಸರಿ ಮಾಡಿದೆ".

ಮೂರನೇ ತೂತು ನನಗ ಎಲ್ಲಾಕಿಂತ ಹೆಚ್ಚು ಸಿಟ್ಟು ತರಿಸಿದ್ದು. ಒಟ್ಟು ಮೊತ್ತ ನೋಡೋ ಸಾಲು ಹೆಲ್ಪರ್‌ನ್ಯಾಗ ಇತ್ತು, ಅದು ಸರೀನೂ ಇತ್ತು. ಆದ್ರ ಅದು ಐಚ್ಛಿಕ. ಒಟ್ಟು ಕೊಟ್ರ ನೋಡತೈತಿ, ಕೊಡದಿದ್ರ ತುಟಿ ಪಿಟಕ್ ಅನ್ನಂಗಿಲ್ಲ. 61ರಾಗ ಒಂಬತ್ತು ಟೆಸ್ಟು ಮಾತ್ರ ಒಟ್ಟು ಕೊಟ್ಟಿದ್ವು. ಹಿಂಗ ಇದ್ರ ನೋಡು ಇಲ್ಲಂದ್ರ ಬಿಡು ಅನ್ನೋ ಪ್ಯಾರಾಮೀಟರ್ ಒಟ್ಟು ನಾಕು ಇದ್ವು ಆ ಫಂಕ್ಷನ್‌ಗೆ, ಒಬ್ಬೊಬ್ಬರು ತಮಗ ಬೇಕಾದಾಗ ಒಂದೊಂದು ಅಂಟಿಸಿಕೋತ ಹೋಗ್ಯಾರ. ಟೆಸ್ಟ್ ಓದೋರಿಗೆ ಕಾಣೂದು ಒಂದೇ ಸಾಲು, "ಪಟ್ಟಿ ಸರಿ ಐತಿ ಅಂತ ನೋಡು", ಅಷ್ಟು ದೊಡ್ಡ ಹೆಸರಿಟ್ಕೊಂಡು ಒಳಗ ಅದು ಖರೀದಿದಾರನ ನಂಬರ್ ಮತ್ತ ರೇಟು ಎರಡೇ ನೋಡ್ತಿತ್ತು.

ಒಂದು ತೂತು ಇಲ್ಲದಿದ್ರೂ ಬಗ್ ಸಿಗ್ತಿತ್ತು. ಉದ್ದ ಹೋಲಿಸಿದ್ರ ಸಿಗ್ತಿತ್ತು, ಮೊತ್ತ ಸರಿ ಹೋಲಿಸಿದ್ರ ಸಿಗ್ತಿತ್ತು, ಒಟ್ಟು ಕಡ್ಡಾಯ ಇದ್ರ ಸಿಗ್ತಿತ್ತು. ಮೂರೂ ಒಂದೇ ಸಾಲಿನ್ಯಾಗ ಬಂದು ನಿಂತು ದಾರಿ ಬಿಟ್ಟುಕೊಟ್ಟಾವು.

ಮರುದಿನ ಮುಂಜಾನಿ ನಮ್ಮ ಪಾರ್ಟ್‌ನರ್ ಹೇಳಿದ್ದು ಒಂದೇ ಮಾತು, ಈ ಹೆಲ್ಪರ್ ಕಿತ್ತು ಒಗೀರಿ, ಪ್ರತಿ ಟೆಸ್ಟಿನ್ಯಾಗ ಎಲ್ಲಾ ಸಾಲು ಬಿಡಿ ಬಿಡಿ ಬರೀರಿ, ಕಣ್ಣಿಗೆ ಕಾಣ್ತಾವು. ಅಂವ ಹೇಳೂದು ಪೂರಾ ತಪ್ಪಲ್ಲ. ಆದ್ರ ನಾ ಒಪ್ಪಲಿಲ್ಲ. ಬಿಡಿ ಬಿಡಿ ಬರದಿದ್ರ 61 ಟೆಸ್ಟಿಗೆ ಸಾವಿರ ಸಾಲಿನ ಹತ್ತಿರ ಹೋಗ್ತಿತ್ತು, ಅದರಾಗ ಹತ್ತು ಕಡೆ ಇದೇ ಕಮಾ ತಪ್ಪು ಆಗ್ತಿತ್ತು, ಒಂದ ಸಲಕ್ಕ ಸಿಗ್ತಿದ್ದಿಲ್ಲ. ಹೆಲ್ಪರ್ ಕೆಟ್ಟಿದ್ದರಿಂದ ಎಲ್ಲಾ ಕೆಟ್ಟಿತ್ತು ನಿಜ, ಅದ್ನ ಸರಿ ಮಾಡಿದ್ರ ಎಲ್ಲಾ ಒಮ್ಮೆಲೇ ಸರಿ ಆಗತೈತಿ ಅನ್ನೂದೂ ಅಷ್ಟ ನಿಜ. ಅರ್ಧ ತಾಸು ಜಗಳಾಡಿ ಎರಡು ಸಲ ಚಾ ಕುಡದು ಒಂದು ಕರಾರಿಗೆ ಬಂದ್ವಿ, ಹೆಲ್ಪರ್ ಇರ್ಲಿ, ಆದ್ರ ಅದು ಸುಳ್ಳು ಹೇಳಂಗಿಲ್ಲ ಅಂತ ಸಾಬೀತು ಮಾಡು ಅಂದ. ಹೆಂಗ ಸಾಬೀತು ಮಾಡೂದು ಅಂತ ಆವಾಗ ಗೊತ್ತಿದ್ದಿಲ್ಲ.

ಅದು ಗೊತ್ತಾಗಿದ್ದು ಗುರುವಾರ. ಸರಿ ಮಾಡಿದ ಕೋಡ್ ಹಾಕಾಕ, ಕ್ಷಮೆ ಕೇಳಾಕನೂ ಅಂತ ಬ್ಯಾಡಗಿಗೆ ಹೋಗಿದ್ದೆ. ಮೋಟೆಬೆನ್ನೂರು ಕ್ರಾಸ್ ದಾಟಿದ ಮ್ಯಾಲೆ ಕಿಟಕಿ ಏರಿಸಿದ್ರೂ ಘಾಟು ಮೂಗಿಗೆ ಬಡೀತೈತಿ, ಊರಿನವರಿಗೆ ಏನೂ ಅನಸಂಗಿಲ್ಲ, ನಾ ಮಾತ್ರ ಸೀನಿಕೋತ ಒಳಗ ಹೋದೆ. ಬ್ಯಾಡಗಿ ಕಾಯಿ ಖಾರಕ್ಕಲ್ಲ ಬಣ್ಣಕ್ಕ ಹೆಸರಾಗಿದ್ದು, 2011ರಾಗ ಜಿಐ (ಭೌಗೋಳಿಕ ಗುರುತು) ಟ್ಯಾಗೂ ಸಿಕ್ಕೈತಿ, ಆದ್ರ ಸಾವಿರಾರು ಚೀಲ ಒಂದೇ ಕಡೆ ಬಿಚ್ಚಿಟ್ರ ಖಾರ ಕಡಿಮಿ ಅನ್ನೂದು ಮೂಗಿಗೆ ಏನು ತಿಳೀಬೇಕು. ಅಂಗಡಿ ಬಾಗಿಲಾಗ ಎಲೆಕ್ಟ್ರಾನಿಕ್ ಕಾಟಾ ಇಟ್ಟಿದ್ರು. ಹಮಾಲ ಒಬ್ಬ ಮೊದಲು ಅದ್ನ ಖಾಲಿ ಆನ್ ಮಾಡಿ ಸೊನ್ನಿ ನೋಡಿದ, ಆಮ್ಯಾಲೆ ಮೂಲ್ಯಾಗಿಂದ 20 ಕೆಜಿ ಕಲ್ಲು ತಂದಿಟ್ಟ, 20.0 ತೋರಿಸ್ತು, ಕಲ್ಲು ನಾಕೂ ಮೂಲಿಗೆ ಸರಿಸಿ ಸರಿಸಿ ನೋಡಿದ, ತಗದ, ಮತ್ತ ಸೊನ್ನಿ ಬಂತೋ ಇಲ್ಲೋ ನೋಡಿದ. ಅದಾದ ಮ್ಯಾಲೇನ ಮೊದಲನೇ ಚೀಲ. ಇದು ದಿನಾ ಮಾಡ್ತೀರೇನ್ರಿ, ವರ್ಷಕ್ಕೊಮ್ಮೆ ಇಲಾಖೆಯವರು ಬಂದು ಮುದ್ರೆ ಹಾಕ್ತಾರಲ್ರಿ ಅಂದೆ. ದಿವಾನಜಿ ಚಷ್ಮಾ ಮ್ಯಾಲಿಂದ ನೋಡಿ, "ಮುದ್ರೆ ಅವರ ಸಲುವಾಗಿ ತಮ್ಮಾ, ಕಲ್ಲು ನಮ್ಮ ಸಲುವಾಗಿ" ಅಂದ್ರು. ಅಷ್ಟ ಅಂದು ವಹಿ ತಗದ್ರು.

ವಾಪಸ್ ಬರೂವಾಗ ಗಾಡಿಯಾಗ ಅದೇ ತಲ್ಯಾಗ. ನಮ್ಮ ಕಾಟಾಕ್ಕ ನಾವು ಒಂದಿನಾನೂ ಕಲ್ಲು ಇಟ್ಟಿದ್ದಿಲ್ಲ. ಗೊತ್ತಿದ್ದ ತಪ್ಪು ಕೊಟ್ಟು, ತಪ್ಪು ಅಂತ ಹೇಳತೈತೇನು ಅಂತ ನೋಡಿದ್ದಿಲ್ಲ.

ಆವತ್ತು ರಾತ್ರಿ ಹೊಸ ಫೈಲ್, ಹೆಲ್ಪರಿಗೇ ಟೆಸ್ಟ್. ಆ ರೈತನ ಮೂರು ಲಾಟಿನ ಸರಿ ಪಟ್ಟಿ ಒಂದು ಇಟ್ಕೊಂಡ್ವಿ. ಅದ್ನ ಒಂದೊಂದು ಸಲ ಒಂದೊಂದು ನಮೂನಿ ಕೆಡಿಸಿ ಹೆಲ್ಪರಿಗೆ ಕೊಡೂದು, ಪ್ರತಿ ಸಲನೂ ಅದು ಅಸರ್ಷನ್ ಎರರ್ ಎತ್ತಬೇಕು. ನಡುವಿನ ಲಾಟ್ ತಗದು ಕೊಟ್ವಿ, ಕಡೀದು ತಗದು ಕೊಟ್ವಿ, ಒಂದು ಲಾಟ್ ಎರಡು ಸಲ ಬರದು ಕೊಟ್ವಿ, ಪೂರಾ ಖಾಲಿ ಕೊಟ್ವಿ, ಮೊತ್ತ ಒಂದೇ ಒಂದು ಪೈಸೆ ಹೆಚ್ಚು ಮಾಡಿ ಕೊಟ್ವಿ, ಚೀಲ ಒಂದು ಕಡಿಮಿ, ಎರಡು ಲಾಟಿನ ಮೊತ್ತ ಅದಲು ಬದಲು. ಈ ಅದಲು ಬದಲು ಆ ಹುಡುಗಿ ಯೋಚನೆ, ಒಟ್ಟು ಸರಿ ಇರತೈತಿ ಆದ್ರ ಸಾಲು ತಪ್ಪಿರತೈತಿ, ಭಾಳ ಚಲೋ ಹಿಡದ್ಲು. ಹಳೇ ಹೆಲ್ಪರಿಗೆ ಈ ಏಳೂ ಓಡಿಸಿ ನೋಡಿದ್ವಿ. ಏಳಕ್ಕ ಏಳೂ ಸರಿ ಐತಿ ಅಂತು ಮಹರಾಯ. ಸರಿ ಪಟ್ಟಿನೂ ಒಮ್ಮೆ ಕೊಡಬೇಕು ಮತ್ತ, ಇಲ್ಲಂದ್ರ ಎಲ್ಲಾದಕ್ಕೂ ತಪ್ಪು ಅನ್ನೋ ಹೆಲ್ಪರೂ ಈ ಪರೀಕ್ಷಾ ಪಾಸಾಗಿಬಿಡತೈತಿ.

ಇದರಾಗೂ ಒಂದು ಗುಂಡಿ ಐತಿ, ನಾವು ಬಿದ್ದು ಎದ್ವಿ. ಎರರ್ ಎತ್ತಿದ್ರ ಸಾಕು ಅಂತ ಬರದ್ರ, ಹೆಲ್ಪರ್ ಬ್ಯಾರೆ ಯಾವ್ದೋ ಕಾರಣಕ್ಕ ಎರರ್ ಎತ್ತಿದ್ರೂ ಪಾಸ್. ಚೀಲ ತಪ್ಪಿಸಿ ಕೊಟ್ಟಿದ್ವಿ, ಆದ್ರ ನಮ್ಮ ಮಾದರಿ ಪಟ್ಟಿಯಾಗೇ ಖರೀದಿದಾರನ ನಂಬರ್ ತಪ್ಪಿತ್ತು, ಹೆಲ್ಪರ್ ಅದ್ನ ಹಿಡದು ಎರರ್ ಎತ್ತಿತ್ತು, ಚೀಲದ ಹತ್ತಿರ ಹೋಗೇ ಇದ್ದಿಲ್ಲ. ಅದಕ್ಕ ಈಗ ಮೆಸೇಜ್ ಒಳಗ "ಚೀಲ" ಅನ್ನೋ ಶಬ್ದ ಐತೇನು, ಲಾಟ್ ನಂಬರ್ ಸರಿ ಐತೇನು ಅಂತನೂ ನೋಡ್ತೀವಿ.

ಇನ್ನ ಹೊಸ ಹೆಲ್ಪರ್. ಮೊದಲು ಸಾಲಿನ ಲೆಕ್ಕ ಹೋಲಿಸತೈತಿ. ಪೈಥಾನ್ 3.10ರಿಂದ ಜಿಪ್‌ಗೆ ಸ್ಟ್ರಿಕ್ಟ್ ಅನ್ನೋ ಸೌಲಭ್ಯ ಬಂದೈತಿ, ಉದ್ದ ತಪ್ಪಿದ್ರ ತಾನ ಎರರ್ ಎತ್ತತೈತಿ, ಅದ್ನೂ ಹಾಕಿದ್ವಿ, ಆದ್ರ ಅದ್ನ ನಂಬಿ ಬಿಡಲಿಲ್ಲ. ಅದು ಎತ್ತೂದು ವ್ಯಾಲ್ಯೂ ಎರರ್, ಅಸರ್ಷನ್ ಎರರ್ ಅಲ್ಲ, ಯುನಿಟ್‌ಟೆಸ್ಟಿನ ವರದಿಯಾಗ ಅದು ಫೇಲ್ ಅಂತ ಬರಂಗಿಲ್ಲ ಎರರ್ ಅಂತ ಬರತೈತಿ, ಮೆಸೇಜೂ ಒಂದು ಇನ್ನೊಂದಕಿಂತ ಉದ್ದ ಐತಿ ಅಂತಷ್ಟ. ಯಾವ ಲಾಟ್ ಇಲ್ಲ ಅಂತ ಅದಕ್ಕ ಹೆಂಗ ಗೊತ್ತಾಗಬೇಕು. ನಮ್ಮದು ಈಗ ಹೇಳೂದು ಹಿಂಗ: "ಲಾಟ್ 3 ಬರಬೇಕಿತ್ತು, ಪಟ್ಟಿಯಾಗ ಇಲ್ಲ. ಲಾಟ್ 2: ಚೀಲ 8 ಬರಬೇಕಿತ್ತು, 4 ಬಂದೈತಿ. ಲಾಟ್ 2: ಮೊತ್ತ 53,492.40 ಬರಬೇಕಿತ್ತು, 25,871.40 ಬಂದೈತಿ." ಒಂದು ತಪ್ಪು ಸಿಕ್ಕ ಕೂಡ್ಲೆ ನಿಲ್ಲಂಗಿಲ್ಲ, ಎಲ್ಲಾ ಕೂಡಿಸಿ ಕಡೀಕ ಒಮ್ಮೆ ಹೇಳತೈತಿ. ಈ ಮೂರು ಸಾಲು ಓದಿದ್ರ ಎರಡರ ಜಾಗದಾಗ ಮೂರು ಕೂತೈತಿ ಅಂತ ಡಿಬಗ್ಗರ್ ಇಲ್ಲದ ತಿಳೀತೈತಿ. ಬರೇ ಅಸರ್ಟ್‌ಟ್ರೂ ಒಳಗ ಹೋಲಿಕಿ ಬರದ್ರ ಫೇಲಾದಾಗ ಬರೂದು ಏನಂದ್ರ "ಫಾಲ್ಸ್ ಈಸ್ ನಾಟ್ ಟ್ರೂ". ಅದ್ನ ಹೇಳಾಕ ಕಂಪ್ಯೂಟರ್ ಬೇಕೇನ್ರಿ.

ಐಚ್ಛಿಕ ಪ್ಯಾರಾಮೀಟರ್ ನಾಕೂ ಕಿತ್ತು ಒಗದ್ವಿ. ಒಟ್ಟು ಕಡ್ಡಾಯ. ಅದರ ಜೊತಿಗೆ ಆ ರೈತ ಬೆರಳಿಟ್ಟು ಮಾಡಿದ ಲೆಕ್ಕಾನೂ ಸೇರಿಸಿದ್ವಿ: ಇಳಿಸಿದ ಚೀಲ ಎಷ್ಟೋ, ಮಾರಿದ ಚೀಲ ಮತ್ತ ಮಾರದ ಉಳದ ಚೀಲ ಕೂಡಿ ಅಷ್ಟ ಆಗಬೇಕು. ಇದಕ್ಕ ಟೆಸ್ಟ್ ಬರಿಯಾಂವ ಏನೂ ಕೊಡಬೇಕಿಲ್ಲ, ಹೆಲ್ಪರ್ ತಾನ ನೋಡತೈತಿ. ನಾವು ನಾಕು ಇಂಜಿನಿಯರ್ ಕೂತು ಇಷ್ಟು ವರ್ಷದಾಗ ಈ ಒಂದು ಸಾಲು ಹೊಳದಿದ್ದಿಲ್ಲ ನೋಡ್ರಿ.

ರೊಕ್ಕ ತೂಕ ಎಲ್ಲಾ ಫ್ಲೋಟಿನಿಂದ, ದಶಾಂಶನ ಬಾಲ ಇಲ್ಲದ ಇದ್ದಂಗ ಹಿಡಿಯೋ ಡೆಸಿಮಲ್‌ಗೆ ತಂದ್ವಿ, ಹಂಗಾಗಿ ಮೊತ್ತಕ್ಕ ನೇರ ಅಸರ್ಟ್‌ಈಕ್ವಲ್, ಹತ್ತಿರ ಹತ್ತಿರ ಅನ್ನೋ ಮಾತಿಲ್ಲ. ಅಸರ್ಟ್‌ಆಲ್ಮೋಸ್ಟ್‌ಈಕ್ವಲ್ ಹಾಕಬೋದಿತ್ತಲ್ಲ ಅಂತ ಕೇಳಬೋದು, ವಿಜ್ಞಾನದ ಲೆಕ್ಕಕ್ಕ ಅದು ಸರಿ, ರೊಕ್ಕದಾಗ ಹತ್ತಿರ ಅನ್ನೂದು ಇಲ್ಲ ಅಂತ ನನ್ನ ಅಭಿಪ್ರಾಯ. ಇದರಾಗ ಒಂದು ಎಚ್ಚರಿಕಿ, ಡೆಸಿಮಲ್‌ಗೆ 0.1 ಅಂತ ಫ್ಲೋಟ್ ಕೊಟ್ರ ಅದರ ಬಾಲಾನೂ ಒಳಗ ಬರತೈತಿ, ಕೋಟ್ ಹಾಕಿ ಸ್ಟ್ರಿಂಗ್ ಮಾಡೇ ಕೊಡಬೇಕು.

ಎಲ್ಲಾ ಮುಗಿಸಿ ಶುಕ್ರವಾರ ಮಧ್ಯಾಹ್ನ ಹಳೇ 61 ಟೆಸ್ಟಿಗೆ ಹೊಸ ಹೆಲ್ಪರ್ ಜೋಡಿಸಿ, ಹಳೇ ಟೆಸ್ಟಿಗೆಲ್ಲಾ ಒಟ್ಟು ತುಂಬಿ, ಬೇಕಂತನ ಶನಿವಾರದ ಹಳೇ ಕೋಡ್ ಮ್ಯಾಲೇನ ಓಡಿಸಿದ್ವಿ. ಏಳು ಕೆಂಪು. ಒಂದು ನಮಗ ಬೇಕಾಗಿದ್ದು, ಆ ಹುಡುಗಿ ಟೆಸ್ಟು, ಒಂದು ವರ್ಷದ ಮ್ಯಾಲೆ ಅದಕ್ಕ ಬಾಯಿ ಬಂತು. ಮೂರರಾಗ ಕೋಡ್ ಸರಿ ಇತ್ತು, ಟೆಸ್ಟಿನ್ಯಾಗ ಬರದ ಅಂಕಿನ ತಪ್ಪು, ಒಂದು ಕಡೆ 53ರ ಬದ್ಲಿ 35 ಅಂತ ಟೈಪ್ ಆಗಿತ್ತು, ಯಾರೂ ಹೋಲಿಸ್ತನ ಇದ್ದಿಲ್ಲ ಅಂದ ಮ್ಯಾಲೆ ತಪ್ಪು ಬರದಿದ್ದು ಯಾರಿಗೆ ಕಾಣಬೇಕು. ಇನ್ನೊಂದು ಮಾರದ ವಾಪಸ್ ಹೋದ ಲಾಟಿಗೂ ಹಮಾಲಿ ಎರಡು ಸಲ ಕಳೀತಿತ್ತು, ಇದು ನಿಜವಾದ ಬಗ್, ಯಾವ ರೈತಾನೂ ಇನ್ನ ಹಿಡದಿದ್ದಿಲ್ಲ. ಹಿಂದಿನ ಪಟ್ಟಿ ಎಲ್ಲಾ ತಗದು ಯಾರಿಗೆ ಎಷ್ಟು ಕೊಡಬೇಕು ಅಂತ ಲಿಸ್ಟ್ ಮಾಡಿ ಸಾವಕಾರ್ರಿಗೆ ಕೊಟ್ವಿ, ಆ ಫೋನಿನ್ಯಾಗ ಏನೇನು ಬೈಸಿಕೊಂಡೆ ಅನ್ನೂದು ಇಲ್ಲಿ ಬ್ಯಾಡ.

ಉಳದ ಎರಡು ರೌಂಡಿಂಗ್, ಅಂದ್ರ ಪೈಸೆ ಬಿಟ್ಟು ಪೂರ್ತಿ ರೂಪಾಯಿ ಮಾಡೂದು. ಅಂಗಡಿಯಾಗ ಪದ್ಧತಿ ಏನಂದ್ರ 50 ಪೈಸೆ ಮತ್ತ ಮ್ಯಾಲಿದ್ರ ಮುಂದಿನ ರೂಪಾಯಿ. ಪೈಥಾನ್ 3ರ ರೌಂಡ್ ಹಂಗ ಮಾಡಂಗಿಲ್ಲ, ನಡುವ ಬಂದ್ರ ಸಮಸಂಖ್ಯೆ ಕಡೆ ಹೋಗತೈತಿ. 41,187.50 ಕೊಟ್ರ 41,188 ಕೊಡತೈತಿ, ಸರಿ ಅನಸತೈತಿ, 41,186.50 ಕೊಟ್ರ 41,186. ಅಂದ್ರ ಅರ್ಧ ಸಲ ಸರಿ ಅರ್ಧ ಸಲ ತಪ್ಪು, ಕಣ್ಣಲೇ ಹಿಡಿಯಾಕ ಸಾಧ್ಯ ಇಲ್ಲ. ಡೆಸಿಮಲ್‌ಗೆ ಹೋದ್ರ ತಾನ ಸರಿ ಆಗತೈತಿ ಅಂತ ಪಾರ್ಟ್‌ನರ್ ಅಂದಿದ್ದ, ಆಗಂಗಿಲ್ಲ, ಅದರ ಡೀಫಾಲ್ಟೂ ಇದೇ ಸಮಸಂಖ್ಯೆ ನಿಯಮ, ರೌಂಡ್ ಹಾಫ್ ಅಪ್ ಅಂತ ನಾವು ಬಾಯಿ ಬಿಟ್ಟು ಹೇಳಬೇಕು. ಈ ಎರಡು ಟೆಸ್ಟ್ ಬರದಾಗ ಯಾರೋ ಸರಿ ಅಂಕಿನ ಬರದಿದ್ರು, ಪಾಪ, ಹೆಲ್ಪರ್ ಓದಲೇ ಇಲ್ಲ.

ಒಂದು ಸಣ್ಣ ತಲಿನೋವು ಹೇಳಿಬಿಡ್ತೀನಿ, ಇದೇ ದಾರಿಯಾಗ ಹೋಗೋರಿಗೆ ಉಪಯೋಗ ಆಗಬೋದು. ನಾವು ಟೆಸ್ಟ್ ಓಡಿಸೂದು ಪೈಥಾನಿನ ಇನ್ನೊಂದು ಟೆಸ್ಟ್ ಸಾಧನ ಪೈಟೆಸ್ಟ್‌ಲೆ, ಹೊಸ ಹೆಲ್ಪರಿನ ಕೆಲವು ಕಡೆ ಬರೇ ಅಸರ್ಟ್ ಬರದಿದ್ವಿ. ಟೆಸ್ಟ್ ಫೈಲಿನ್ಯಾಗ ಅಸರ್ಟ್ ಫೇಲಾದ್ರ ಪೈಟೆಸ್ಟ್ ಎರಡೂ ಕಡಿ ಬೆಲೆ ಬಿಡಿಸಿ ತೋರಿಸತೈತಿ, ಹೆಲ್ಪರ್ ಫೈಲಿನ್ಯಾಗ ಫೇಲಾದ್ರ ಬರೇ ಅಸರ್ಷನ್ ಎರರ್ ಅಂತ ಒಣ ಸಾಲು. ಯಾಕಂದ್ರ ಪೈಟೆಸ್ಟ್ ಅನ್ನೂದು ಟೆಸ್ಟ್ ಫೈಲ್, ತನ್ನ ಸೆಟ್ಟಿಂಗ್ ಫೈಲ್ ಕಾನ್ಫ್‌ಟೆಸ್ಟ್, ಪ್ಲಗಿನ್ ಇವುಗಳ ಅಸರ್ಟ್ ಮಾತ್ರ ತಿದ್ದಿ ಬರೀತೈತಿ, ಬ್ಯಾರೆ ಮಾಡ್ಯೂಲಿಂದು ಮುಟ್ಟಂಗಿಲ್ಲ. ರಿಜಿಸ್ಟರ್ ಅಸರ್ಟ್ ರೀರೈಟ್ ಅಂತ ಒಂದು ಕರೆ ಐತಿ, ಹೆಲ್ಪರ್ ಇಂಪೋರ್ಟ್ ಆಗೂಕಿಂತ ಮೊದಲೇ ಕಾನ್ಫ್‌ಟೆಸ್ಟಿನ್ಯಾಗ ಹಾಕಬೇಕು, ಆಮ್ಯಾಲೆ ಹಾಕಿದ್ರ ಉಪಯೋಗಿಲ್ಲ. ಇನ್ನ ಹೆಲ್ಪರ್ ಒಳಗ ಟ್ರೇಸ್‌ಬ್ಯಾಕ್‌ಹೈಡ್ ಅಂತ ಒಂದು ವೇರಿಯೇಬಲ್ ಇಟ್ರ ಫೇಲಾದಾಗ ಹೆಲ್ಪರಿನ ಹೊಟ್ಟಿ ತೋರಿಸೂದು ಬಿಟ್ಟು ಅದ್ನ ಕರದ ಟೆಸ್ಟಿನ ಸಾಲು ತೋರಿಸತೈತಿ. ಗೋ ಭಾಷಾದಾಗ ಇದೇ ಕೆಲಸಕ್ಕ ಟಿ ಡಾಟ್ ಹೆಲ್ಪರ್ ಐತಿ, 2017ರಾಗ 1.9ರ ಜೊತಿ ಬಂದಿದ್ದು. ಎಲ್ಲಾ ಊರಾಗೂ ಇದೇ ಗೋಳು ಐತಿ ಅಂತಾತು.

ಅಸರ್ಟ್‌ಟ್ರೂ ಒಳಗ ಕಮಾ ಇರೋ ಸಾಲು ಇಡೀ ರೆಪೋದಾಗ (ಕೋಡ್ ಇಡೋ ಜಾಗ) ಹುಡುಕಿದ್ವಿ. ಹನ್ನೊಂದು ಸಿಕ್ವು, ಆರರಾಗ ಎರಡನೇದು ನಿಜವಾಗ್ಲೂ ಮೆಸೇಜ್, ಐದರಾಗ ಅದೇ ನನ್ನ ರೋಗ. ಐದರಾಗ ಎರಡು ಪಾರ್ಟ್‌ನರ್ ಬರದಿದ್ದು, ಅದ್ನ ನೋಡಿ ನನಗ ಸ್ವಲ್ಪ ಸಮಾಧಾನ ಆತು, ಆಗಬಾರದು, ಆದ್ರ ಆತು.

ಈಗ ಏನಾಗೈತಿ ಅಂದ್ರ ಹೊಸದಾಗಿ ಯಾರ ಟೆಸ್ಟ್ ಬರದ್ರೂ ಆ ಹುಡುಗಿ ರಿವ್ಯೂದಾಗ ಒಂದೇ ಪ್ರಶ್ನೆ ಕೇಳ್ತಾಳ, "ಇದು ಕೆಂಪಾಗಿದ್ದು ನೋಡೀರೇನ್ರಿ?" ನೋಡಿಲ್ಲಂದ್ರ ಕೋಡ್‌ದಾಗ ಒಂದು ಪ್ಲಸ್ ತಗದು ಮೈನಸ್ ಹಾಕಿ ಓಡಿಸ್ರಿ ಅಂತ ವಾಪಸ್ ಕಳಿಸ್ತಾಳ, ನನ್ನದನ್ನೂ ಕಳಿಸ್ಯಾಳ. ಹಿಂಗ ಕೋಡ್ ತಾನ ಕೆಡಿಸಿ ಟೆಸ್ಟ್ ಹಿಡೀತಾವೋ ಇಲ್ಲೋ ನೋಡೋ ಮ್ಯುಟ್‌ಮಟ್ ಅನ್ನೋ ಟೂಲೂ ಐತಿ, ಒಮ್ಮೆ ಹಚ್ಚಿದ್ವಿ, ನಮ್ಮ ಹಳೇ ಮಷೀನಿನ್ಯಾಗ ಮುಗಿಯಾಕ ರಾತ್ರಿ ಪೂರಾ ತಗೊಂತು, ಸದ್ಯಕ್ಕ ಕೈಲೇ ಮಾಡೂದ ಚಲೋ ಅನಸೈತಿ.

ಮೆಣಸಿನಕಾಯಿ ಕಡೆ ಎಲ್ಲಾ ಸರಿ ಆಗೈತಿ. ಹತ್ತಿ ಅಂಗಡಿಗಳ ಕೋಡ್ ಬ್ಯಾರೆ ಐತಿ, ಅಲ್ಲಿ ಇನ್ನೂ ಹಳೇ ಹೆಲ್ಪರಿನ ಒಂದು ಕಾಪಿ, ಅಸರ್ಟ್‌ಟ್ರೂ ತಪ್ಪು ಹೊಕ್ಕೂಕಿಂತ ಮೊದಲಿಂದು, ಕೂತೈತಿ, ನಿನ್ನಿ ರಾತ್ರಿ ಅದಕ್ಕೂ ಆ ಏಳು ತಪ್ಪು ಪಟ್ಟಿ ಕೊಟ್ಟು ನೋಡಿದೆ, ಐದು ಹಿಡೀತು, ಎರಡು ಬಿಡ್ತು. ಆ ಎರಡು ಯಾವ್ಯಾವು ಅಂತ ಬಿಳಿ ಬೋರ್ಡಿನ ಮ್ಯಾಲೆ ಬರದೀನಿ, ಮುಂದಿನ ಸೋಮವಾರದೊಳಗ ಮುಗಿಸಬೇಕು.